ಇಂಟರ್‌ಡೆಂಟಲ್ ಬ್ರಷ್: ಕೊಳ್ಳುವ ಮೊದಲು ಸೈಜ್ ನೋಡಿಸಿಕೊಳ್ಳಿ

ಹಲ್ಲಿನ ಸಂದಿಗೆ ಹಾಕುವ ಚಿಕ್ಕ ಬ್ರಷ್ ಬಗ್ಗೆ ಈ ಬರಹ. ಪ್ಯಾಕೆಟ್ ಮೇಲೆ ಇದರ ಹೆಸರು ಇಂಟರ್‌ಡೆಂಟಲ್ ಬ್ರಷ್. ನಮ್ಮ ಕ್ಲಿನಿಕ್ಕಿನಲ್ಲಿ ಎಲ್ಲರೂ ಪ್ರಾಕ್ಸಾ ಬ್ರಷ್ ಅಂತಾರೆ. ಮಕ್ಕಳ ಹಾಲಿನ ಬಾಟಲಿ ತೊಳೆಯುವ ಬ್ರಷ್ಷನ್ನು ಕಡ್ಡಿಯಷ್ಟು ಸಣ್ಣಗೆ ಮಾಡಿದರೆ ಹೇಗಿರುತ್ತದೋ ಹಾಗಿರುತ್ತದೆ. ನಡುವೆ ತೆಳುವಾದ ತಂತಿ, ಸುತ್ತ ಮೃದುವಾದ ಎಳೆ, ಹಿಂದೆ ಹಿಡಿದುಕೊಳ್ಳೋಕೆ ಪ್ಲಾಸ್ಟಿಕ್ ಹಿಡಿ. ಅಷ್ಟೇ. ಕೈಗೆ ಕೊಟ್ಟರೆ ಹೆಚ್ಚಿನವರು ತಿರುಗಿಸಿ ನೋಡಿ, "ಇದ್ಯಾಕೆ, ದೊಡ್ಡ ಬ್ರಷ್ ಇದೆಯಲ್ಲ" ಅಂತ ಕೇಳುತ್ತಾರೆ.

ನಾನು ದಾವಣಗೆರೆಯಲ್ಲಿ ಡೆಂಟಲ್ ಹೈಜೀನಿಸ್ಟ್ ಡಿಪ್ಲೊಮಾ ಓದುತ್ತಿದ್ದೇನೆ. ಎರಡು ವರ್ಷದ ಕೋರ್ಸ್, ಇದು ಎರಡನೇ ವರ್ಷ. ಹಲ್ಲು ಕೀಳುವುದು, ರೂಟ್ ಕೆನಾಲ್ ಮಾಡುವುದು ನಮ್ಮ ಕೆಲಸ ಅಲ್ಲ. ಹಲ್ಲು ಕ್ಲೀನ್ ಮಾಡುವುದು, ಪಾಲಿಶ್ ಮಾಡುವುದು, ಮನೆಯಲ್ಲಿ ಬಾಯಿ ಹೇಗೆ ಇಟ್ಟುಕೊಳ್ಳಬೇಕು ಅಂತ ಹೇಳಿಕೊಡುವುದು ನಮ್ಮ ಕೆಲಸ. ಇದು ಶುರುವಾಗಿದ್ದು ಅಮೆರಿಕದ ಬ್ರಿಜ್‌ಪೋರ್ಟ್ ಅನ್ನುವ ಊರಲ್ಲಿ. ಅಲ್ಲಿನ ಡಾಕ್ಟರ್ ಆಲ್ಫ್ರೆಡ್ ಫೋನ್ಸ್ 1906ರಲ್ಲಿ ತಮ್ಮ ಸಹಾಯಕಿ ಐರೀನ್ ನ್ಯೂಮನ್ ಅವರಿಗೆ ಹಲ್ಲು ಕ್ಲೀನ್ ಮಾಡುವುದನ್ನು ಕಲಿಸಿದರು. ನಮ್ಮಲ್ಲಿ 1948ರ ದಂತವೈದ್ಯರ ಕಾಯ್ದೆಯಲ್ಲೇ ಹೈಜೀನಿಸ್ಟ್‌ಗಳಿಗೆ ಜಾಗ ಕೊಟ್ಟಿದ್ದರು. ಆದರೂ ಕುರ್ಚಿಯಲ್ಲಿ ಕೂತವರು "ನೀವು ಡಾಕ್ಟ್ರಾ, ನರ್ಸಾ" ಅಂತ ಕೇಳುತ್ತಾರೆ. ಎರಡೂ ಅಲ್ಲ ಅಂತ ಹೇಳಿ ಕೆಲಸ ಶುರು ಮಾಡುತ್ತೇನೆ.

ಈ ಬ್ರಷ್ಷನ್ನು ನಾನು ನನ್ನ ಬಾಯಲ್ಲಿ ಬಳಸಿದ್ದಕ್ಕಿಂತ ಪೇಶೆಂಟ್‌ಗಳ ಬಾಯಲ್ಲಿ ಬಳಸಿ ನೋಡಿದ್ದೇ ಜಾಸ್ತಿ. ಹಾಗಾಗಿ ಈ ವಿಮರ್ಶೆ ಅವರ ಬಾಯಿಂದಲೇ ಬಂದದ್ದು.

ಮೊದಲು ಇದು ಯಾಕೆ ಬೇಕು ಅಂತ ಹೇಳುತ್ತೇನೆ. ಒಂದು ಹಲ್ಲಿಗೆ ಐದು ಮುಖ. ಕೆನ್ನೆ ಕಡೆಯದು, ನಾಲಿಗೆ ಕಡೆಯದು, ಅಗಿಯುವ ಮೇಲ್ಭಾಗ, ಆಮೇಲೆ ಅಕ್ಕಪಕ್ಕದ ಹಲ್ಲಿಗೆ ತಾಗಿಕೊಂಡಿರುವ ಎರಡು. ನಾವು ದಿನಾ ಉಜ್ಜುವ ಬ್ರಷ್ ಮೊದಲ ಮೂರನ್ನು ಚೆನ್ನಾಗಿ ಮುಟ್ಟುತ್ತದೆ. ಉಳಿದ ಎರಡಕ್ಕೆ ಅದು ಹೋಗುವುದೇ ಇಲ್ಲ. ವಸಡಿನ ರೋಗ ಜಾಸ್ತಿ ಶುರುವಾಗುವುದೂ ಅಲ್ಲೇ. ಕ್ಲಿನಿಕ್ಕಿನಲ್ಲಿ ಪೇಶೆಂಟ್ ಹಲ್ಲಿಗೆ ಗುಲಾಬಿ ಬಣ್ಣದ ದ್ರಾವಣ ಹಚ್ಚಿ ಬಾಯಿ ಮುಕ್ಕಳಿಸಲು ಹೇಳುತ್ತೇವೆ. ಪ್ಲಾಕ್, ಅಂದರೆ ಹಲ್ಲಿಗೆ ಅಂಟಿದ ಲೋಳೆ ಪದರ, ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಬಣ್ಣ ಹಿಡಿದು ನಿಲ್ಲುತ್ತದೆ. "ನಾನು ಎರಡು ಹೊತ್ತೂ ಉಜ್ಜುತ್ತೀನಿ ಮೇಡಂ" ಅಂದವರ ಬಾಯಲ್ಲೂ ಮುಂದಿನ ಮುಖ ಬೆಳ್ಳಗೆ, ಸಂದಿಗಳು ಗಾಢ ಗುಲಾಬಿ. ಅವರು ಸುಳ್ಳು ಹೇಳಿರುವುದಿಲ್ಲ. ಉಜ್ಜಿದ್ದಾರೆ, ಆದರೆ ಬ್ರಷ್ ಅಲ್ಲಿಗೆ ಹೋಗಿಲ್ಲ.

ಸಂದಿಯಲ್ಲಿ ಏನಾದರೂ ಸಿಕ್ಕಿಕೊಂಡರೆ ನಮ್ಮ ಕಡೆ ಜನ ಏನು ಮಾಡುತ್ತಾರೆ? ಸಂಜೆ ಮಂಡಕ್ಕಿ ತಿಂದರೆ ಸಿಪ್ಪೆ ಹೋಗಿ ಕೂರುತ್ತದೆ, ಮಾಂಸ ತಿಂದರೆ ನಾರು. ಬೆಂಕಿಕಡ್ಡಿ, ಪೊರಕೆ ಕಡ್ಡಿ, ವೀಳ್ಯದೆಲೆ ತೊಟ್ಟು, ಹೇರ್‌ಪಿನ್ನು. ಹೆಂಗಸರು ತಾಳಿ ಸರದಲ್ಲಿ ಸಿಕ್ಕಿಸಿಕೊಂಡಿರುವ ಪಿನ್ನನ್ನೇ ತೆಗೆದು ಚುಚ್ಚುತ್ತಾರೆ. ಶುಗರ್ ಇರುವ ಒಬ್ಬ ಅಕ್ಕ ಅದೇ ಪಿನ್ನನ್ನು ನನ್ನ ಮುಂದೆಯೇ ತೆಗೆದು, ಯಾವ ಹಲ್ಲಿಗೆ ಹೇಗೆ ಹಾಕುತ್ತಾರೆ ಅಂತ ತೋರಿಸಿದರು. ಆ ಜಾಗದಲ್ಲಿ ವಸಡು ಹರಿದು ಕೆಂಪಗಾಗಿತ್ತು. ಶುಗರ್ ಜಾಸ್ತಿ ಇದ್ದರೆ ವಸಡು ಬೇಗ ಕೆಡುತ್ತದೆ. ವಸಡು ಕೆಟ್ಟರೆ ಶುಗರ್ ಹತೋಟಿಗೆ ತರುವುದೂ ಕಷ್ಟವಾಗುತ್ತದೆ. ಅಂಥವರ ಬಾಯಿಗೆ ಪಿನ್ನು ಹೋಗುತ್ತದೆ ಅಂದರೆ ನಂಗೆ ಹೊಟ್ಟೆ ಉರಿಯುತ್ತದೆ.

ಈಗ ಒಬ್ಬ ಪೇಶೆಂಟ್ ವಿಷಯ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಈ ಬ್ರಷ್ ಏನು ಮಾಡುತ್ತದೆ ಅಂತ ನನಗೆ ಸರಿಯಾಗಿ ಗೊತ್ತಾಗಿದ್ದು ಇವರಿಂದ.

ಚನ್ನಗಿರಿ ಕಡೆಯ ಅಡಿಕೆ ತೋಟದ ಅಜ್ಜ. ಎಲೆ ಅಡಿಕೆ ಹಾಕಿ ಹಾಕಿ ಹಲ್ಲೆಲ್ಲ ಕಪ್ಪು ಕೆಂಪು. ಕೆಳಗಿನ ಮುಂದಿನ ಹಲ್ಲುಗಳ ಹಿಂದೆ ಕಲ್ಲು ಒಂದೇ ಹಲಗೆಯ ಹಾಗೆ ಕೂತಿತ್ತು, ಹಲ್ಲು ಎಲ್ಲಿ ಮುಗಿದು ಕಲ್ಲು ಎಲ್ಲಿ ಶುರುವಾಗುತ್ತದೆ ಅಂತ ತಿಳಿಯುತ್ತಿರಲಿಲ್ಲ. ಕಲ್ಲು ಅಲ್ಲೇ ಜಾಸ್ತಿ ಕಟ್ಟುವುದಕ್ಕೆ ಕಾರಣ ಇದೆ. ನಾಲಿಗೆ ಕೆಳಗೆ ಜೊಲ್ಲಿನ ನಾಳ ಬಾಯಿಗೆ ತೆರೆದುಕೊಳ್ಳುವುದು ಸರಿಯಾಗಿ ಆ ಹಲ್ಲುಗಳ ಹಿಂದೆ. ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ ಪ್ಲಾಕ್ ಮೇಲೆ ಕೂತು ಗಟ್ಟಿಯಾಗಿ ಈ ಕಲ್ಲಾಗುತ್ತದೆ. ಮೇಲಿನ ದವಡೆ ಹಲ್ಲಿನ ಕೆನ್ನೆ ಕಡೆಗೂ ಹೀಗೇ, ಅಲ್ಲಿ ಇನ್ನೊಂದು ನಾಳ ತೆರೆಯುತ್ತದೆ.

ಒಂದೇ ಸಲಕ್ಕೆ ಮುಗಿಯುವ ಕೆಲಸವಲ್ಲ ಅದು. ಮೆಷಿನ್ ಸ್ಕೇಲರ್‌ನಲ್ಲಿ ದೊಡ್ಡ ಕಲ್ಲು ತೆಗೆದೆ. ಉಳಿದದ್ದನ್ನು ಕೈ ಉಪಕರಣದಲ್ಲಿ ಕೆರೆದೆ. ನಮಗೆ ಕಲಿಸುವ ಮೇಡಂ ಬಂದು ಪ್ರೋಬ್, ಅಂದರೆ ವಸಡಿನ ಆಳ ನೋಡುವ ತೆಳು ಕಡ್ಡಿ, ಹಾಕಿ ನೋಡಿ, ಬಿಟ್ಟ ಜಾಗ ತೋರಿಸಿ, ಆಮೇಲೆ ಕೇಸ್ ಶೀಟಿಗೆ ಸೈನ್ ಹಾಕಿದರು. ಅಜ್ಜ ಬಾಯಿ ಮುಕ್ಕಳಿಸಿ ಉಗಿದು, ನಾಲಿಗೆಯಿಂದ ಹಲ್ಲಿನ ಹಿಂದೆ ತಡವಿ ನೋಡಿಕೊಂಡರು. ಮುಖ ಸಪ್ಪಗಾಯಿತು.

"ಏನವ್ವಾ, ಹಲ್ಲೆಲ್ಲ ಸಂದಿ ಬಿಟ್ಟೈತಲ್ಲ. ಬರೋವಾಗ ಹಿಂಗಿರ್ಲಿಲ್ಲ."

ನಮ್ಮ ಕ್ಲಿನಿಕ್ಕಿನಲ್ಲಿ ಅತಿ ಹೆಚ್ಚು ಕೇಳಿಬರುವ ಮಾತು ಇದು. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತದೆ, ಸಂದಿ ಬೀಳುತ್ತದೆ ಅಂತ ಹೆದರಿ ಎಷ್ಟೋ ಜನ ಬರುವುದೇ ಇಲ್ಲ. ನಿಜ ಏನೆಂದರೆ, ಸಂದಿ ಮೊದಲೇ ಆಗಿರುತ್ತದೆ. ವಸಡು ಇಳಿದು, ಒಳಗಿನ ಮೂಳೆ ಕರಗಿ ಜಾಗ ಖಾಲಿಯಾಗಿರುತ್ತದೆ. ಆ ಜಾಗವನ್ನು ಕಲ್ಲು ತುಂಬಿಕೊಂಡಿರುತ್ತದೆ. ಕಲ್ಲು ತೆಗೆದಾಗ ಅದು ಕಾಣಿಸುತ್ತದೆ, ಅಷ್ಟೇ. ಇದನ್ನು ಬಾಯಿಮಾತಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲ. ಅಜ್ಜನೂ ಒಪ್ಪಲಿಲ್ಲ. ಕನ್ನಡಿ ಕೈಗೆ ಕೊಟ್ಟೆ. ಟ್ರೇನಲ್ಲಿ ಬಿದ್ದಿದ್ದ ಕಲ್ಲಿನ ಚೂರುಗಳನ್ನು ತೋರಿಸಿದೆ. "ಅಜ್ಜಾ, ಈ ಸಂದಿಗೆ ಮತ್ತೆ ಕಲ್ಲು ತುಂಬಬಾರದು ಅಂದ್ರೆ ದಿನಾ ಇದನ್ನ ಹಾಕ್ಬೇಕು" ಅಂತ ಬ್ರಷ್ ತೆಗೆದೆ.

ಅಜ್ಜ ಜೇಬಿನಿಂದ ಪಿನ್ನು ತೆಗೆದು, "ಇದು ಸಾಕಾಗಲ್ವೇನವ್ವಾ" ಅಂದರು.

ಸೈಜ್ ನೋಡುವುದು ಹೀಗೆ. ಅತಿ ಸಣ್ಣದರಿಂದ ಶುರು. ಅದು ಸಂದಿಯಲ್ಲಿ ಲೊಡಲೊಡ ಆಡಿದರೆ ಮುಂದಿನದು. ತಂತಿ ಎಲ್ಲೂ ತಾಗಬಾರದು, ಎಳೆಗಳು ಮಾತ್ರ ಎರಡೂ ಹಲ್ಲಿಗೆ ಒತ್ತಿಕೊಂಡು ಹೋಗಬೇಕು, ಸ್ವಲ್ಪ ಬಿಗಿ ಅನಿಸಬೇಕು, ತಳ್ಳುವ ಹಾಗೆ ಆಗಬಾರದು. ಅಜ್ಜನ ಮುಂದಿನ ಹಲ್ಲಿಗೆ ಒಂದು ಸೈಜ್ ಸಾಕಾಯಿತು. ದವಡೆ ಹಲ್ಲಿಗೆ ಅದಕ್ಕಿಂತ ದೊಡ್ಡದು ಬೇಕಾಯಿತು. ಎರಡು ಸಂದಿ ನಾನು ಮಾಡಿ ತೋರಿಸಿದೆ. ಮೂರನೆಯದನ್ನು ಅವರ ಕೈಯಲ್ಲೇ ಮಾಡಿಸಿದೆ. ತೋಟದ ಕೆಲಸ ಮಾಡಿದ ದಪ್ಪ ಬೆರಳು, ಹಿಡಿ ಸಣ್ಣದು. ಕೈ ತಡವರಿಸಿತು. ನೇರವಾಗಿ ಒಳಗೆ, ನೇರವಾಗಿ ಹೊರಗೆ, ತಿರುಚಬೇಡಿ ಅಂತ ಮಣಿಕಟ್ಟು ಹಿಡಿದು ಹೇಳಿಕೊಟ್ಟೆ. ರಕ್ತ ಬಂತು.

"ನೋಡವ್ವಾ, ರಕ್ತ ಬರ್ತಾ ಐತೆ. ಸಾಕು ಬಿಡು."

"ನಿಮಗೆ ಚುಚ್ಚಿ ಬಂದ ರಕ್ತ ಅಲ್ಲ ಅಜ್ಜಾ ಅದು. ವಸಡು ಊದಿಕೊಂಡಿದೆಯಲ್ಲ, ಅದಕ್ಕೆ ಬರ್ತಿದೆ. ದಿನಾ ಮಾಡಿ, ತಾನೇ ನಿಲ್ಲುತ್ತೆ."

ಆಮೇಲೆ ಬ್ರಷ್ ಹೊರಗೆ ತೆಗೆದು ನೋಡಲು ಹೇಳಿದೆ. ಎಳೆಗಳ ತುಂಬ ಬೂದು ಬಣ್ಣದ ಲೋಳೆ, ಅದರಲ್ಲಿ ಅಡಿಕೆಯ ಒಂದು ಸಣ್ಣ ಚೂರು, ತುದಿಯಲ್ಲಿ ರಕ್ತದ ಗೆರೆ. "ಮೂಗಿನ ಹತ್ರ ಹಿಡೀರಿ" ಅಂದೆ. ಹಿಡಿದರು. ತಟ್ಟನೆ ಮುಖ ಹಿಂದಕ್ಕೆ ಎಳೆದುಕೊಂಡರು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಬ್ರಷ್ಷನ್ನು ಲೋಟದ ನೀರಲ್ಲಿ ಅದ್ದಿ ತೊಳೆದು, ಕನ್ನಡಿ ಎತ್ತಿಕೊಂಡು, ನಾನು ಹೇಳದೇ ಪಕ್ಕದ ಸಂದಿಗೆ ಹಾಕಿದರು. ಪಿನ್ನು ಟ್ರೇ ಪಕ್ಕದಲ್ಲೇ ಬಿದ್ದಿತ್ತು. ಹೋಗುವಾಗ ತೆಗೆದುಕೊಳ್ಳಲಿಲ್ಲ.

ಮುಂದಿನ ಸಲ ಬಂದಾಗ ಎಲೆ ಅಡಿಕೆ ಬಿಟ್ಟಿರಲಿಲ್ಲ. ಬಿಡುತ್ತಾರೆ ಅಂತ ನಾನು ಅಂದುಕೊಂಡೂ ಇರಲಿಲ್ಲ, ಆದರೂ ಪ್ರತಿ ಸಲ ಹೇಳುತ್ತೇನೆ. ಆದರೆ ವಸಡಿನ ಬಣ್ಣ ಬದಲಾಗಿತ್ತು. ಊದಿಕೊಂಡು ಕಡುಗೆಂಪಾಗಿದ್ದದ್ದು ಬಿಗಿಯಾಗಿ ತಿಳಿಗುಲಾಬಿಗೆ ಬಂದಿತ್ತು. ಪ್ರೋಬ್ ಹಾಕಿದರೆ ಅಲ್ಲೊಂದು ಇಲ್ಲೊಂದು ಕಡೆ ಮಾತ್ರ ರಕ್ತ. ಅಜ್ಜನ ಬ್ರಷ್ಷಿನ ಎಳೆಗಳು ಪೂರ್ತಿ ಬಾಗಿ ಹೋಗಿದ್ದವು. ದಿನಾ ಬಳಸಿದ್ದಕ್ಕೆ ಅದಕ್ಕಿಂತ ಸಾಕ್ಷಿ ಬೇಡ.

ರಕ್ತ ನಿಲ್ಲುವ ವಿಷಯ ಸುಮ್ನೆ ಸಮಾಧಾನಕ್ಕೆ ಹೇಳುವ ಮಾತಲ್ಲ. 1965ರಲ್ಲಿ ಡೆನ್ಮಾರ್ಕ್‌ನ ಆರ್ಹಸ್‌ನಲ್ಲಿ ಹೆರಾಲ್ಡ್ ಲೋ ಮತ್ತು ಅವರ ಜೊತೆಯವರು ಮಾಡಿದ ಪ್ರಯೋಗವನ್ನು ನಮಗೆ ಕ್ಲಾಸಿನಲ್ಲಿ ಪಾಠ ಮಾಡುತ್ತಾರೆ. ವಸಡು ಚೆನ್ನಾಗಿದ್ದ 12 ಜನ ಹಲ್ಲು ಶುಚಿ ಮಾಡುವುದನ್ನು ಪೂರ್ತಿ ನಿಲ್ಲಿಸಿದರು. 10ರಿಂದ 21 ದಿನದೊಳಗೆ ಎಲ್ಲರ ವಸಡೂ ಊದಿಕೊಂಡಿತು. ಮತ್ತೆ ಶುಚಿ ಮಾಡಲು ಶುರು ಮಾಡಿದಾಗ ಸುಮಾರು ಒಂದು ವಾರದಲ್ಲಿ ಸರಿಹೋಯಿತು. ಅಂದರೆ ವಸಡಿನ ಊತ ಮೂಳೆಯವರೆಗೆ ಇಳಿಯದೇ ಇದ್ದರೆ ಅದನ್ನು ಪೂರ್ತಿ ವಾಪಸ್ ತರಬಹುದು. ಮೂಳೆ ಕರಗಿದರೆ ಅದು ಹಾಗೆ ಸುಲಭವಾಗಿ ವಾಪಸ್ ಬರುವುದಿಲ್ಲ, ಇನ್ನೂ ಹೋಗದ ಹಾಗೆ ನೋಡಿಕೊಳ್ಳಬೇಕು. ದಿನಾ ಶುಚಿ ಮಾಡುತ್ತಿದ್ದರೂ ಎರಡು ವಾರ ಆದ ಮೇಲೆ ರಕ್ತ ಬರುತ್ತಲೇ ಇದ್ದರೆ ಮನೆಯಲ್ಲಿ ಕೂರಬೇಡಿ, ಡಾಕ್ಟರಿಗೆ ತೋರಿಸಿ.

ಫ್ಲಾಸ್, ಅಂದರೆ ಹಲ್ಲಿನ ಸಂದಿಗೆ ಹಾಕುವ ದಾರ, ಸಾಕಲ್ವಾ ಅಂತ ಓದಿಕೊಂಡವರು ಕೇಳುತ್ತಾರೆ. ಹಲ್ಲು ಒತ್ತಾಗಿ, ವಸಡು ಸಂದಿ ತುಂಬಿಕೊಂಡಿದ್ದರೆ ಫ್ಲಾಸೇ ಸರಿ. ಅಂಥ ಕಡೆ ಈ ಬ್ರಷ್ ಹೋಗುವುದಿಲ್ಲ, ತಳ್ಳಲೂಬಾರದು. ಇಪ್ಪತ್ತರ ಆಸುಪಾಸಿನವರಲ್ಲಿ ಹೆಚ್ಚಿನವರದ್ದು ಹೀಗೇ ಇರುತ್ತದೆ. ನನ್ನ ಬಾಯಲ್ಲೂ ಹಿಂದಿನ ಕೆಲವು ಸಂದಿ ಬಿಟ್ಟರೆ ಉಳಿದ ಕಡೆ ಫ್ಲಾಸೇ. ಆದರೆ ವಸಡು ಇಳಿದವರಲ್ಲಿ ಹಲ್ಲಿನ ಬೇರು ಹೊರಗೆ ಕಾಣುತ್ತದೆ. ಬೇರು ನೇರವಾಗಿ ಇರುವುದಿಲ್ಲ, ಅದರ ಪಕ್ಕದಲ್ಲಿ ತಗ್ಗು ಇರುತ್ತದೆ. ಫ್ಲಾಸ್ ದಾರ ಬಿಗಿಯಾಗಿ ನಿಂತು ಆ ತಗ್ಗಿನ ಮೇಲೆ ಹಾದುಹೋಗುತ್ತದೆ. ಒಳಗಿನ ಪ್ಲಾಕ್ ಅಲ್ಲೇ ಉಳಿಯುತ್ತದೆ. ಬ್ರಷ್ಷಿನ ಎಳೆಗಳು ತಗ್ಗಿನೊಳಗೆ ಹರಡಿಕೊಂಡು ಗುಡಿಸುತ್ತವೆ. ಯುರೋಪಿನ ವಸಡು ತಜ್ಞರ ಕಾರ್ಯಾಗಾರದ 2015ರ ವರದಿ ಕೂಡ ಜಾಗ ಇರುವ ಕಡೆ ಈ ಬ್ರಷ್ಷನ್ನೇ ಮೊದಲು ಆರಿಸಿಕೊಳ್ಳಬೇಕು ಅಂದಿದೆ. ಇನ್ನೊಂದು ದೊಡ್ಡ ಲಾಭ, ಫ್ಲಾಸ್ ಹಾಕಲು ಎರಡೂ ಕೈ, ಒಳ್ಳೆ ಅಭ್ಯಾಸ ಬೇಕು. ಇದಕ್ಕೆ ಒಂದು ಕೈ ಸಾಕು. ಅರವತ್ತು ದಾಟಿದವರಿಗೆ ಫ್ಲಾಸ್ ಕಲಿಸಿ ನೋಡಿದವರಿಗೆ ಈ ಮಾತಿನ ಬೆಲೆ ಗೊತ್ತು.

ಹಲ್ಲಿಗೆ ತಂತಿ ಕಟ್ಟಿಸಿಕೊಂಡ ಕಾಲೇಜು ಹುಡುಗರಿಗೂ ಕೊಟ್ಟು ನೋಡಿದ್ದೇನೆ. ತಂತಿಯ ಕೆಳಗೆ, ಬ್ರಾಕೆಟ್ ಪಕ್ಕದಲ್ಲಿ ಚೆನ್ನಾಗಿ ಹೋಗುತ್ತದೆ. ಅದಕ್ಕೆ ಇದಕ್ಕಿಂತ ಒಳ್ಳೆಯ ವಸ್ತು ಈ ಬೆಲೆಗೆ ನಾನು ನೋಡಿಲ್ಲ.

ಕಷ್ಟ ಆಗಿದ್ದು ಒಬ್ಬ ಆಟೋ ಓಡಿಸುವ ಅಣ್ಣನಿಗೆ. ಗುಟ್ಕಾ ಹಾಕಿ ಕೆನ್ನೆಯ ಒಳಭಾಗ ಬಿಳುಚಿ, ಗಟ್ಟಿಯಾಗಿ, ಬಾಯಿ ಎರಡು ಬೆರಳಿಗಿಂತ ಜಾಸ್ತಿ ತೆರೆಯುತ್ತಿರಲಿಲ್ಲ. ಮೊದಲು ಅವರನ್ನು ಓರಲ್ ಮೆಡಿಸಿನ್ ವಿಭಾಗಕ್ಕೆ ಕಳಿಸಿದೆವು, ಯಾಕೆಂದರೆ ಅದು ಮುಂದೆ ಕ್ಯಾನ್ಸರ್‌ಗೆ ತಿರುಗುವ ಅಪಾಯ ಇರುವ ಕಾಯಿಲೆ. ಆಮೇಲೆ ಕ್ಲೀನಿಂಗ್‌ಗೆ ನನ್ನ ಕುರ್ಚಿಗೆ ಬಂದರು. ಗಿಡ್ಡ ನೇರ ಹಿಡಿಯ ಬ್ರಷ್ ಹಿಂದಿನ ಹಲ್ಲಿಗೆ ತಲುಪಲೇ ಇಲ್ಲ, ಬೆರಳಿಗೆ ಜಾಗ ಇರಲಿಲ್ಲ. ತುದಿ ಬಾಗಿರುವ ಉದ್ದ ಹಿಡಿಯದು ತಲುಪಿತು. ಹಾಗಾಗಿ ಹಿಂದಿನ ಹಲ್ಲಿಗೆ ಬೇಕು ಅನ್ನುವವರು, ಕೈ ನಡುಗುವ ಹಿರಿಯರು, ಬಾಯಿ ಪೂರ್ತಿ ತೆರೆಯದವರು ಉದ್ದ ಹಿಡಿಯದ್ದನ್ನೇ ಕೇಳಿ ತಗೊಳ್ಳಿ.

ಈಗ ದೂರುಗಳು. ಮೊದಲನೆಯದೇ ಸೈಜ್. ಒಂದು ಕಂಪನಿಯ ಗುಲಾಬಿ ಇನ್ನೊಂದು ಕಂಪನಿಯ ಗುಲಾಬಿ ಅಲ್ಲ. ಸ್ವೀಡನ್‌ನ ಟೆಪೆ ಕಂಪನಿಯಲ್ಲಿ ಗುಲಾಬಿ ಅತಿ ಸಣ್ಣದು, ತಂತಿ 0.4 ಮಿ.ಮೀ. ಆಮೇಲೆ ಕಿತ್ತಳೆ 0.45, ಕೆಂಪು 0.5, ನೀಲಿ 0.6, ಹಳದಿ 0.7. ಬೇರೆಯವರ ಬಣ್ಣದ ಲೆಕ್ಕ ಬೇರೆ. ಎಲ್ಲ ಕಂಪನಿಗೂ ಒಂದೇ ಆಗಿರುವ ಐಎಸ್ಓ (ಅಂತರರಾಷ್ಟ್ರೀಯ ಅಳತೆಯ) ನಂಬರ್ ಇದೆ, 0ಯಿಂದ ಶುರುವಾಗಿ ಮೇಲಕ್ಕೆ ಹೋಗುತ್ತದೆ, ಯಾವ ಅಳತೆಯ ತೂತಿನಲ್ಲಿ ಬ್ರಷ್ ಹಾದುಹೋಗುತ್ತದೆ ಅನ್ನುವುದರ ಮೇಲೆ. ನಾನು ಇಲ್ಲಿ ನೋಡಿದ ಎಷ್ಟೋ ಪ್ಯಾಕೆಟ್‌ಗಳಲ್ಲಿ ಅದು ಇರಲಿಲ್ಲ. ಬರೀ ನ್ಯಾರೋ, ವೈಡ್ ಅಂತ ಇತ್ತು. ಪೇಶೆಂಟ್ ಮೆಡಿಕಲ್ ಶಾಪಿಗೆ ಹೋಗಿ ಕೇಳಿದರೆ ಇರುವುದನ್ನು ಕೊಡುತ್ತಾರೆ. ದೊಡ್ಡದು ಸಿಕ್ಕಿದರೆ ತಳ್ಳಿ ನೋವು ಮಾಡಿಕೊಂಡು ಬಿಟ್ಟುಬಿಡುತ್ತಾರೆ. ಸಣ್ಣದು ಸಿಕ್ಕಿದರೆ ದಿನಾ ಹಾಕಿಯೂ ಏನೂ ಹೋಗಿರುವುದಿಲ್ಲ. ಇದಕ್ಕೇ ನಾನು ಕೇಸ್ ಶೀಟ್ ಜೊತೆಗೆ ಒಂದು ಚೀಟಿಯಲ್ಲಿ ಕಂಪನಿ, ಬಣ್ಣ, ಸೈಜ್ ಬರೆದು ಕೊಡುತ್ತೇನೆ, ಬಳಸಿದ ಬ್ರಷ್ಷನ್ನೇ ಅಂಗಡಿಗೆ ತೋರಿಸಿ ಅಂತಲೂ ಹೇಳುತ್ತೇನೆ.

ಎರಡನೆಯದು ಬೆಲೆ. ಒಳ್ಳೆಯದೊಂದು ಪ್ಯಾಕೆಟ್‌ಗೆ ನಾನು ಇನ್ನೂರು ರೂಪಾಯಿ ಮೇಲೆ ಕೊಟ್ಟಿದ್ದೇನೆ. ಎರಡು ಸೈಜ್ ಬೇಕಾದರೆ ಎರಡು ಪ್ಯಾಕೆಟ್. ಕೂಲಿಗೆ ಹೋಗುವ ಅಕ್ಕನಿಗೆ ಅದನ್ನು ಹೇಳುವಾಗ ನನ್ನ ನಾಲಿಗೆ ತಡೆಯುತ್ತದೆ. ಬಿಡಿಯಾಗಿ ಒಂದೊಂದು ಮಾರಿದರೆ ಎಷ್ಟು ಜನಕ್ಕೆ ಅನುಕೂಲ! ಸದ್ಯಕ್ಕೆ ನಾನು ಹೇಳುವುದು, ದೊಡ್ಡ ಸಂದಿಗೆ ಹೊಂದುವ ಒಂದೇ ಸೈಜಿನಿಂದ ಶುರು ಮಾಡಿ. ಬಳಸಿ ಬಿಸಾಡಬೇಕಾಗಿಲ್ಲ. ತೊಳೆದು, ಒಣಗಿಸಿ, ಕ್ಯಾಪ್ ಹಾಕಿಡಿ. ಎಳೆ ಬಾಗುವವರೆಗೆ, ತಂತಿ ಡೊಂಕಾಗುವವರೆಗೆ ಬರುತ್ತದೆ, ಸಾಮಾನ್ಯವಾಗಿ ಒಂದೆರಡು ವಾರ. ಒಬ್ಬರ ಬ್ರಷ್ ಇನ್ನೊಬ್ಬರು ಬಳಸಬಾರದು, ಗಂಡ ಹೆಂಡತಿ ಆದರೂ.

ತೀರಾ ಅಗ್ಗದ್ದಕ್ಕೆ ಮಾತ್ರ ಕೈ ಹಾಕಬೇಡಿ. ಆನ್‌ಲೈನ್‌ನಲ್ಲಿ ತರಿಸಿದ ಒಂದು ಅಗ್ಗದ ಪ್ಯಾಕೆಟ್‌ನ ಬ್ರಷ್ ಒಬ್ಬರ ಬಾಯಲ್ಲೇ, ತಂತಿ ಹಿಡಿಗೆ ಸೇರುವ ಕಡೆ ಮುರಿಯಿತು. ತುಂಡು ಸಂದಿಯಲ್ಲಿ ಉಳಿಯಿತು. ಮೇಡಂ ಟ್ವೀಜರ್‌ನಲ್ಲಿ ಹಿಡಿದು ತೆಗೆದರು, ಏನೂ ಆಗಲಿಲ್ಲ, ಆದರೆ ಆ ಪೇಶೆಂಟ್ ಮತ್ತೆ ಈ ಬ್ರಷ್ ಮುಟ್ಟಲು ಒಪ್ಪಲಿಲ್ಲ. ಕೊಳ್ಳುವಾಗ ತಂತಿಯ ಮೇಲೆ ಪ್ಲಾಸ್ಟಿಕ್ ಲೇಪನ ಇದೆಯಾ ನೋಡಿ. ಬೇರು ಹೊರಗೆ ಕಂಡು ಜುಂ ಅನ್ನುವವರಿಗೆ, ಇಂಪ್ಲಾಂಟ್ (ಮೂಳೆಗೆ ಕೂರಿಸುವ ಕೃತಕ ಹಲ್ಲು) ಹಾಕಿಸಿಕೊಂಡವರಿಗೆ ಅದು ಬೇಕೇ ಬೇಕು.

ಇನ್ನೊಂದು ಮಾತು, ಇದು ಕೋಪದಿಂದಲೇ ಹೇಳುತ್ತಿದ್ದೇನೆ. ನಾನು ಬಿಚ್ಚಿದ ಒಂದು ಪ್ಯಾಕೆಟ್‌ನಲ್ಲೂ ಕನ್ನಡದಲ್ಲಿ ಬಳಸುವ ವಿಧಾನ ಇರಲಿಲ್ಲ. ಸಣ್ಣ ಇಂಗ್ಲಿಷ್ ಅಕ್ಷರ, ಒಂದು ಸಣ್ಣ ಚಿತ್ರ. ಇದನ್ನು ಬಳಸಬೇಕಾದವರು ಚನ್ನಗಿರಿಯ ಅಜ್ಜನಂಥವರು. ನಾಲ್ಕು ಸಾಲು ಕನ್ನಡ ಅಚ್ಚು ಹಾಕಲು ಎಷ್ಟು ಖರ್ಚಾಗುತ್ತದೆ?

ಏನನ್ನು ನಿರೀಕ್ಷೆ ಮಾಡಬಾರದು ಅನ್ನುವುದನ್ನೂ ಹೇಳಿಬಿಡುತ್ತೇನೆ. ಕಟ್ಟಿದ ಕಲ್ಲನ್ನು ಇದು ತೆಗೆಯುವುದಿಲ್ಲ, ಅದಕ್ಕೆ ಕ್ಲೀನಿಂಗೇ ಆಗಬೇಕು. ಕಲೆಯನ್ನೂ ತೆಗೆಯುವುದಿಲ್ಲ. ಜಗಳೂರು ಕಡೆಯಿಂದ ಬಂದ ಒಬ್ಬ ಹುಡುಗಿ ಇದರಿಂದ ಹಲ್ಲಿನ ಕಂದು ಕಲೆ ಹೋಗುತ್ತಾ ಅಂತ ಆಸೆಯಿಂದ ಕೇಳಿದಳು. ಅವಳದ್ದು ಬೋರ್‌ವೆಲ್ ನೀರಿನ ಫ್ಲೋರೈಡ್ ಕಲೆ. ಹಲ್ಲು ದವಡೆಯೊಳಗೆ ಬೆಳೆಯುವಾಗಲೇ ಎನಾಮೆಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರದ ಒಳಗೆ ಆಗಿಹೋದದ್ದು. ಯಾವ ಬ್ರಷ್ಷಿಗೂ, ನನ್ನ ಸ್ಕೇಲರ್‌ಗೂ ಅದು ಹೋಗುವುದಿಲ್ಲ, ಅದಕ್ಕೆ ಬೇರೆ ಚಿಕಿತ್ಸೆ ಇದೆ ಅಂತ ಹೇಳಿ ಪಕ್ಕದ ವಿಭಾಗಕ್ಕೆ ಕರೆದುಕೊಂಡು ಹೋದೆ.

ಪೇಸ್ಟ್ ಹಚ್ಚಿ ಹಾಕಬೇಡಿ, ಬರೀ ನೀರು ಸಾಕು. ರಾತ್ರಿ ಊಟ ಆದ ಮೇಲೆ, ಹಲ್ಲುಜ್ಜುವ ಮೊದಲು, ಕನ್ನಡಿ ಮುಂದೆ ನಿಂತು ಮಾಡಿ. ಒಂದೊಂದು ಸಂದಿಗೆ ನಾಲ್ಕೈದು ಸಲ ಒಳಗೆ ಹೊರಗೆ ಆದರೆ ಆಯಿತು. ದವಡೆ ಹಲ್ಲಿಗೆ ತಂತಿಯನ್ನು ಬೆರಳಲ್ಲಿ ಸ್ವಲ್ಪ ಬಾಗಿಸಿಕೊಂಡರೆ ಸುಲಭ.

ನನ್ನ ತೀರ್ಪು: ಮೂವತ್ತೈದು ದಾಟಿದ, ಊಟ ಆದ ಮೇಲೆ ಸಂದಿಯಲ್ಲಿ ಸಿಕ್ಕಿಕೊಳ್ಳುವ, ಶುಗರ್ ಇರುವ, ತಂತಿ ಕಟ್ಟಿಸಿಕೊಂಡ ಯಾರೇ ಆಗಲಿ ಕೊಳ್ಳಲೇಬೇಕು. ಆದರೆ ಅಂಗಡಿಗೆ ಹೋಗುವ ಮೊದಲು ಒಂದು ಸಲ ಬಾಯಿ ತೋರಿಸಿ. ಹತ್ತಿರದ ಡೆಂಟಲ್ ಕಾಲೇಜಿನ ವಸಡಿನ ವಿಭಾಗಕ್ಕೆ ಬೆಳಗ್ಗೆಯೇ ಹೋಗಿ, ಪ್ರಾಕ್ಸಾ ಬ್ರಷ್ ಸೈಜ್ ನೋಡಬೇಕು ಅಂತ ಕೇಳಿ. ಕಲಿಯುವವರ ಕೈಗೆ ಸಿಕ್ಕಿದರೆ ಹೊತ್ತು ಜಾಸ್ತಿ ಹಿಡಿಯುತ್ತದೆ, ಪ್ರತಿ ಸಂದಿಯನ್ನೂ ಬಿಡದೆ ನೋಡುತ್ತೇವೆ. ಮನೆಯಲ್ಲಿ ಈಗಾಗಲೇ ಬ್ರಷ್ ಇದ್ದರೆ ಅದನ್ನೂ ತನ್ನಿ.